ಭಾವನ ಮೂರು ಚಕ್ರದ ದಾನ

ನಮ್ಮ ಭಾವ ರೇನೊ ಕಂಗಾಸ್ ಎಡಕ್ಕೆ ತಿರುಗಬೇಕಾದರೆ ಯಾರ ಹಂಗೂ ಬೇಕಿಲ್ಲ. ಬಲಕ್ಕೆ ತಿರುಗಬೇಕಾದರೆ ಮಾತ್ರ ನಾನು ಬೇಕು. ಇದರಲ್ಲಿ ವೇದಾಂತವೇನೂ ಇಲ್ಲ, ತೂಕದ ವಿಷಯ. ಅವರ ಮೋಟಾರ್‌ಬೈಕಿನ ಬಲಗಡೆಗೆ ಒಂದು ಸೈಡ್‌ಕಾರ್ ಜೋಡಿಸಿದೆ. ಅದು ಖಾಲಿ ಇದ್ದಾಗ ಬಲಕ್ಕೆ ತಿರುಗಿಸಿದರೆ ಅದರ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ, ಬೈಕು ಎಡಕ್ಕೆ ಮಗುಚಿಕೊಳ್ಳುತ್ತದೆ. ಬೇರೆಯವರು ಅಲ್ಲಿ ಮರಳಿನ ಮೂಟೆ ಇಡುತ್ತಾರೆ. ಹೆಂಡತಿಯ ತಮ್ಮನೊಬ್ಬ ಊರಲ್ಲೇ ಬಿದ್ದುಕೊಂಡಿರುವಾಗ ಮರಳು ಯಾಕೆ ಎಂದು ನಮ್ಮ ಭಾವನಿಗೆ ಅನ್ನಿಸಿತು. ಹೀಗಾಗಿ ಗೋರ್ಡಿ ಎಂಬ ನಾನು ಬೇಸಿಗೆಯಲ್ಲಿ ದೋಣಿ ರಿಪೇರಿಯವನು, ಚಳಿಗಾಲದಲ್ಲಿ ತೂಕ.

ಮನೆಯಲ್ಲಿ ಇದ್ದದ್ದು ಒಂದೇ ಪಿಕಪ್ ಗಾಡಿ. ಅದನ್ನು ಭಾವ ಅಕ್ಕನಿಗೆ ಒಂದು ಮಾತೂ ಹೇಳದೆ ಮಾರಿ, ಈ ಮೂರು ಚಕ್ರದ್ದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದರು. ಆಗಲೇ ಮೊದಲ ಹಿಮ ಬೀಳುತ್ತಿತ್ತು. ಮಿಷಿಗನ್‌ನ ಈ ಉತ್ತರದ ತುದಿಯಲ್ಲಿ, ನಮ್ಮ ಗ್ರೌಸ್ ಲೇಕ್‌ನಲ್ಲಿ, ಮೊದಲ ಹಿಮ ಬಿದ್ದಾಗ ಬುದ್ಧಿ ಇರುವವರು ಮೋಟಾರ್‌ಬೈಕನ್ನು ಕಂಬಳಿ ಹೊದಿಸಿ ಕೊಟ್ಟಿಗೆಯಲ್ಲಿ ಮಲಗಿಸುತ್ತಾರೆ.

ಅಕ್ಕ ಡಾರ್ಲೀನ್ ಹೊರಗೆ ಬಂದು ಗಾಡಿಗೆ ಒಂದು ಸುತ್ತು ಹಾಕಿದಳು.

"ಇದರಲ್ಲಿ ನಾನು ಎಲ್ಲಿ ಕೂತ್ಕೋಬೇಕು?"

"ಸೈಡ್‌ಕಾರಲ್ಲಿ. ರಾಣಿ ಥರ."

"ಶವಪೆಟ್ಟಿಗೆ ಥರ ಇದೆಯಲ್ರೀ."

"ಅದಕ್ಕೆ ಮುಚ್ಚಳ ಇರುತ್ತೆ ಡಾರ್ಲೀನ್. ಇದು ಎಷ್ಟು ಗಾಳಿಯಾಡುತ್ತೆ ನೋಡು."

ಅಕ್ಕ ನೋಡಿದಳು. ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ಅವಳು ಸಾಮಾನು ತರಲು ಪಕ್ಕದ ಮನೆಯವರ ಕಾರಿನಲ್ಲಿ ಹೋಗತೊಡಗಿದಳು. ಭಾವನ ಜೊತೆ ಮಾತೂ ಅಷ್ಟಕ್ಕಷ್ಟೇ ಆಯಿತು.

ಇನ್ನೊಬ್ಬರಾಗಿದ್ದರೆ ತಪ್ಪಾಯಿತು ಎನ್ನುತ್ತಿದ್ದರು. ನಮ್ಮ ಭಾವ ಬರ್ನೀಸಳ ಹೋಟೆಲಿಗೆ ಹೋಗಿ, ಊರವರೆಲ್ಲ ಕೂತಿರುವ ಹೊತ್ತು ನೋಡಿ, ಈ ಚಳಿಗಾಲ ಪೂರ್ತಿ ತಾವು ಮೂರೇ ಚಕ್ರದ ಮೇಲೆ ಓಡಾಡುವುದಾಗಿ ಘೋಷಿಸಿದರು. ಟೈರುಗಳಿಗೆ ಸಾಲಾಗಿ ಮೊಳೆ ಕೂರಿಸಿದರು. ಎಲ್ಲಿಂದಲೋ ಒಂದು ಕರೆಂಟ್ ಕೋಟು ತರಿಸಿದರು. ಅದರ ವೈರನ್ನು ಗಾಡಿಯ ಬ್ಯಾಟರಿಗೆ ಸಿಕ್ಕಿಸಿದರೆ ಕೋಟು ಒಳಗಿಂದೊಳಗೇ ಕಾಯುತ್ತದೆ. ಅವರು ಮೇಲೆ ಬಿಸಿ ರೊಟ್ಟಿಯಂತೆ ಬೆಚ್ಚಗಿರುತ್ತಿದ್ದರು. ಸೈಡ್‌ಕಾರಿನಲ್ಲಿದ್ದ ನನ್ನ ಮುಖಕ್ಕೆ ಮುಂಚಕ್ರ ಎರಚಿದ ಹಿಮವೆಲ್ಲ ಬಂದು ಮೆತ್ತಿಕೊಳ್ಳುತ್ತಿತ್ತು. ಬರ್ನೀಸ್ ಒಂದು ದಿನ ನನ್ನ ಹುಬ್ಬನ್ನು ಚಮಚದಿಂದ ಕೆರೆದು ಗುರುತು ಹಿಡಿದಳು.

ನನಗೆ ಜ್ವರ ಬಂದು ಮಲಗಿದ ದಿನವಂತೂ ಭಾವ ಒಬ್ಬರೇ ಹೋಟೆಲಿಗೆ ಹೊರಟರು. ಹೋಟೆಲು ಇರುವುದು ನಮ್ಮ ಬೀದಿಯ ಬಲಕ್ಕೆ. ಅವರು ಎಡಕ್ಕೆ ತಿರುಗಿದರು, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ಊರನ್ನೆಲ್ಲ ಬಳಸಿ ಬಲಗಡೆಯ ಹೋಟೆಲು ಮುಟ್ಟಿದರು. ಪ್ರತಿ ಮನೆಯ ಕಿಟಕಿಯಲ್ಲೂ ಜನ ಕೈಬೀಸಿದರಂತೆ. ಭಾವ ಅದನ್ನು ಅಭಿಮಾನ ಎಂದುಕೊಂಡು ತಾವೂ ಬೀಸಿದರು.

ಇನ್ನು ನಡೆದದ್ದಕ್ಕೆ ಬರುತ್ತೇನೆ.

ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಕೆರೆ ಕಲ್ಲಿನಂತೆ ಹೆಪ್ಪುಗಟ್ಟಿದ ಮೇಲೆ ಅಗ್ನಿಶಾಮಕ ದಳದವರು ಯಾವುದಾದರೂ ಗುಜರಿ ಕಾರನ್ನು ಮಂಜುಗಡ್ಡೆಯ ಮೇಲೆ ಎಳೆದು ನಿಲ್ಲಿಸುತ್ತಾರೆ. ವಸಂತ ಬಂದು ಗಡ್ಡೆ ಕರಗಿದಾಗ ಕಾರು ಮುಳುಗುತ್ತದೆ. ಯಾವ ದಿನ ಮುಳುಗೀತು ಎಂದು ಊರವರು ಚೀಟಿ ಕೊಂಡು ಊಹಿಸುತ್ತಾರೆ. ಸರಿಯಾಗಿ ಊಹಿಸಿದವರಿಗೆ ಬಹುಮಾನ, ಉಳಿದದ್ದು ದಳಕ್ಕೆ. ಈ ವರ್ಷದ ಚೀಟಿಯಿಂದ, ಗಡ್ಡೆ ಒಡೆದು ನೀರಿಗೆ ಬಿದ್ದವರನ್ನು ಎಳೆದು ತರುವ ಜಾರುಬಂಡಿಯೊಂದನ್ನು ಕೊಳ್ಳಬೇಕೆಂದು ದಳದ ಮುಖ್ಯಸ್ಥ ಮಾರ್ವ್ ಲಿಂಡ್‌ಕ್ವಿಸ್ಟ್ ಹಟ ತೊಟ್ಟಿದ್ದ. ಆದರೆ ಎಷ್ಟು ಹುಡುಕಿದರೂ ಅವನಿಗೆ ಕಾರೇ ಸಿಕ್ಕಿರಲಿಲ್ಲ. ದೋಣಿ ಇಳಿಸುವ ದಡದ ಎದುರಿಗೆ, ಪ್ರತಿ ವರ್ಷ ಕಾರು ನಿಲ್ಲುವ ಜಾಗದಲ್ಲಿ ಹಿಮ ಗುಡಿಸಿ, ಸುತ್ತ ಕೋಲು ನೆಟ್ಟು, ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿ ಕಾಯುತ್ತಿದ್ದ.

ಆ ವಾರ ನಾನು ಮತ್ತು ಭಾವ ಕೆರೆಯ ಮೇಲೆ ಮೀನು ಹಿಡಿಯಲು ಹೋದೆವು. ಭಾವ ಆ ಪಟ್ಟಿಯ ಒಳಗೇ ಗಾಡಿ ನುಗ್ಗಿಸಿದರು.

"ಭಾವ, ಇದು ಕಾರಿನ ಜಾಗ."

"ಕಾರು ಎಲ್ಲಿದೆ?"

"ಇಲ್ಲ."

"ಮತ್ತೆ? ನೀಟಾಗಿ ಗುಡಿಸಿಟ್ಟಿದಾರೆ. ಇಂಥ ಜಾಗ ಬಿಟ್ಟು ಹಿಮದಲ್ಲಿ ಹೂತ್ಕೊಳೋಕೆ ನಂಗೇನು ತಲೆ ಕೆಟ್ಟಿದೆಯಾ?"

ಅಲ್ಲೇ ಗಡ್ಡೆ ಕೊರೆದು ತೂತಿಗೆ ಗಾಳ ಇಳಿಬಿಟ್ಟು ಕೂತೆವು. ಭಾವ ಇಂಜಿನ್ ಆರಿಸಿದ್ದರು, ಕೋಟಿನ ವೈರು ಮಾತ್ರ ಬ್ಯಾಟರಿಯಲ್ಲೇ ಇತ್ತು. "ಏನು ಬೆಚ್ಚಗಿದೆ ಗೊತ್ತಾ" ಎಂದು ನನ್ನನ್ನು ಆಗಾಗ ಉರಿಸುತ್ತಲೂ ಇದ್ದರು. ಸಂಜೆಗೆ ಕೋಟು ತಣ್ಣಗಾಯಿತು. ಗಾಡಿ ಕೆಮ್ಮಲೂ ಇಲ್ಲ. ಅಷ್ಟರಲ್ಲಿ ಗಾಳಿಯೆದ್ದು ಹಿಮ ಅಡ್ಡಡ್ಡ ಬೀಳತೊಡಗಿತು. ಗಾಡಿಯನ್ನು ಅಲ್ಲೇ ಬಿಟ್ಟು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಮನೆ ಸೇರಿದೆವು.

ಬಿರುಗಾಳಿ ನಿಲ್ಲುವ ತನಕ ಯಾರೂ ಹೊಸ್ತಿಲು ದಾಟಲಿಲ್ಲ. ನಿಂತ ಮೇಲೆ ಬರ್ನೀಸಳ ಹೋಟೆಲಿಗೆ ಕಾಲಿಟ್ಟೆವೋ ಇಲ್ಲವೋ, ಕೂತಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಮ್ಮ ಭಾವನ ಸ್ವಭಾವ ಏನೆಂದರೆ, ಚಪ್ಪಾಳೆ ಕೇಳಿದರೆ ಕಾರಣ ಕೇಳುವುದಿಲ್ಲ. ಚಳಿಗಾಲದಲ್ಲಿ ಮೂರು ಚಕ್ರ ಓಡಿಸಿದ ಶೌರ್ಯಕ್ಕೆ ಊರು ಕೊನೆಗೂ ತಲೆಬಾಗಿದೆ ಎಂದುಕೊಂಡರು. ಹೆಲ್ಮೆಟ್ ಕಂಕುಳಲ್ಲಿಟ್ಟು ಗಂಟಲು ಸರಿಮಾಡಿಕೊಂಡರು.

"ಇದೇನು ದೊಡ್ಡ ವಿಷಯ ಅಲ್ಲ. ಮನುಷ್ಯನಿಗೆ ಮನಸ್ಸು ಗಟ್ಟಿ ಇರಬೇಕು ಅಷ್ಟೇ. ನನ್ನಿಂದ ಇಷ್ಟಾಯ್ತು, ನಾಳೆ ನಿಮ್ಮಲ್ಲಿ ಯಾರಾದ್ರೂ ಮುಂದೆ ಬನ್ನಿ ಅಂತ ನನ್ನ ಆಸೆ."

ಮತ್ತೆ ಚಪ್ಪಾಳೆ. ಬರ್ನೀಸ್ ದೊಡ್ಡದೊಂದು ಸೇಬಿನ ಪೈ ತುಂಡನ್ನು ಭಾವನ ಮುಂದಿಟ್ಟು, "ಇವತ್ತು ನಿಮ್ಮ ಹತ್ರ ಯಾರೂ ದುಡ್ಡು ತಗೊಳ್ಳಲ್ಲ" ಎಂದಳು. ಮಾರ್ವ್ ಬಂದು ಭಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು.

"ರೇನೊ, ಇಸ್ಕೂಲಿಂದ ನಿನ್ನ ಜೊತೆ ಇದೀನಿ, ನಿನ್ನ ಅರ್ಥ ಮಾಡ್ಕೊಂಡಿರ್ಲಿಲ್ಲ ಕಣಯ್ಯಾ. ಗುಜರಿ ಕಾರು ಕೊಡಿ ಅಂತ ಮನೆ ಮನೆ ತಿರುಗಿದೆ. ನೀನು ಪ್ರಾಣದಂಥ ಗಾಡಿ ತಂದು ನಿಲ್ಲಿಸಿಬಿಟ್ಟೆ, ಅದೂ ಬಾಯಿಬಿಟ್ಟು ಹೇಳದೆ. ಚೀಟಿ ಆಗಲೇ ಅರ್ಧ ಖರ್ಚಾಗಿದೆ ಮಾರಾಯ. ಕಾರು ಮುಳುಗೋದು ಎಲ್ಲರೂ ನೋಡಿದಾರೆ, ಇದು ಮುಳುಗೋದು ನೋಡೋಕೆ ಪಕ್ಕದೂರಿನವರೂ ಬರ್ತಾರೆ."

ಭಾವನ ಕೈಯಲ್ಲಿದ್ದ ಚಮಚ ಬಾಯಿಯ ಹತ್ತಿರ ನಿಂತುಬಿಟ್ಟಿತು. ಪೈ ಜಾರಿ ತಟ್ಟೆಗೆ ಬಿತ್ತು. ನಾನು ಮೇಜಿನಡಿ ಅವರ ಕಾಲು ತುಳಿದೆ, ಈಗಲೇ ಹೇಳಿ ಎಂದು. ಅವರು ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಬಾಗಿಲು ತೆರೆದು ಅಕ್ಕ ಬಂದಳು. ಇಡೀ ಚಳಿಗಾಲ ಗಂಡನ ಮುಖ ನೋಡದವಳು ನೇರ ಬಂದು ಎಲ್ಲರೆದುರಿಗೆ ಅವರ ಕೆನ್ನೆಗೆ ಮುತ್ತು ಕೊಟ್ಟಳು.

"ನಮ್ಮನೆಯವರಿಗೆ ಇಷ್ಟು ದೊಡ್ಡ ಮನಸ್ಸಿದೆ ಅಂತ ನಂಗೇ ಗೊತ್ತಿರ್ಲಿಲ್ಲ ಮಾರ್ವ್" ಎಂದಳು.

ಭಾವ ಬಾಯಿ ಮುಚ್ಚಿದರು. ಅಲ್ಲಿಗೆ ಮುಗಿಯಿತು. ಬಾಯಿ ಬಿಟ್ಟರೆ ಹೆಂಡತಿ ಮತ್ತೆ ಮುಖ ತಿರುಗಿಸುತ್ತಾಳೆ, ಬಿಡದಿದ್ದರೆ ಗಾಡಿ ಕೆರೆಯ ತಳ ಸೇರುತ್ತದೆ. ಎರಡರಲ್ಲಿ ಒಂದನ್ನು ಆರಿಸುವುದು ಬಿಟ್ಟು ಅವರು ಪೈ ತಿಂದರು.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ನಿಸ್ವಾರ್ಥದ ಬಗ್ಗೆ ಪ್ರಸಂಗ ಮಾಡಿ, ಎರಡನೇ ಸಾಲಿನಲ್ಲಿದ್ದ ಭಾವನನ್ನು ಕೈತೋರಿಸಿದರು. ಜನರೆಲ್ಲ ತಿರುಗಿ ನೋಡಿದರು. ಭಾವ ನಿಸ್ವಾರ್ಥಿಯ ಮುಖ ಹೇಗಿರಬೇಕೋ ಹಾಗೆ ಇಟ್ಟುಕೊಳ್ಳಲು ಹೋಗಿ, ಹಲ್ಲುನೋವು ಬಂದವರಂತೆ ಕಂಡರು. ಅಕ್ಕ ಅವರ ಪಕ್ಕದಲ್ಲಿ ಬೀಗುತ್ತ ಕೂತಿದ್ದಳು. ಮನೆಯಲ್ಲಿ ದಿನಾ ಅವರಿಗೆ ಇಷ್ಟವಾದ ಪಾಸ್ಟಿ, ಅಂದರೆ ಮಾಂಸ ತುಂಬಿದ ಕಡುಬು, ಬಿಸಿ ಬಿಸಿ. ಬಡಿಸುವಾಗ ಅಕ್ಕ, "ಇನ್ನೊಂದು ಹಾಕ್ಕೊಳ್ಳಿ, ಗಾಡಿ ಹೋಗುತ್ತೆ ಅಂತ ಬೇಜಾರಿಲ್ಲ ತಾನೇ?" ಎಂದು ಕೇಳುವುದು. ಭಾವ, "ಛೇ, ಬೇಜಾರೆಂಥದ್ದು" ಎಂದು ನುಂಗುವುದು.

ಭಾವ ಸೋಲೊಪ್ಪಿದವರಲ್ಲ. "ಗೋರ್ಡಿ, ಬೇರೆ ಕಾರೊಂದು ಕೊಟ್ಟುಬಿಟ್ರೆ ಮುಗೀತು" ಎಂದು ನನ್ನನ್ನು ಕರೆದುಕೊಂಡು ಎಲ್ವುಡ್ ಎಂಬ ಮುದುಕನ ಮನೆಗೆ ನಡೆದರು. ಎಲ್ವುಡ್‌ನ ಹಿತ್ತಿಲಲ್ಲಿ ಕಾಲವಾದ ಕಾರೊಂದು ಇದೆಯೆಂದು ಊರಿಗೇ ಗೊತ್ತು.

"ಆ ಕಾರು ಕೊಡೋದಿಲ್ಲ" ಎಂದ ಎಲ್ವುಡ್.

"ಅದು ಓಡಲ್ವಲ್ಲ."

"ಅದರಲ್ಲಿ ಕೋಳಿ ಇದಾವೆ."

"ಕೋಳಿಗಳನ್ನ ಬೇರೆ ಕಡೆ ಹಾಕಿ."

"ಹಿಂದಿನ ಸೀಟಲ್ಲಿ ಒಂದು ಕಾವಿಗೆ ಕೂತಿದೆ. ಈಗ ಎಬ್ಬಿಸಿದ್ರೆ ನಿಮಗೆ ಪಾಪ ಬರುತ್ತೆ. ಅಲ್ಲ, ನಿನ್ನ ಮೂರು ಚಕ್ರದ್ದು ಕೊಟ್ಟಿದೀಯಂತಲ್ಲ, ನಂಗೆ ಕಣ್ಣಲ್ಲಿ ನೀರು ಬಂತು ಕಣಪ್ಪ. ನಾನೂ ಚೀಟಿ ತಗೊಂಡಿದೀನಿ."

ವಾರದ ಮಧ್ಯದಲ್ಲಿ ಪರಿಸರ ಇಲಾಖೆಯ ಅಧಿಕಾರಿ ಟ್ರುಡಿ ಎಂಬ ಹೆಂಗಸು ಮನೆಗೇ ಬಂದರು. ಗಡ್ಡೆಯ ಮೇಲೆ ಗಾಡಿ ನಿಲ್ಲಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಇಂಜಿನ್, ಎಣ್ಣೆ, ಪೆಟ್ರೋಲು, ಬ್ಯಾಟರಿ ಯಾವುದೂ ಅದರಲ್ಲಿ ಇರಕೂಡದು, ಕೆರೆಯ ನೀರು ಕೆಡುತ್ತದೆ ಎಂದು ನಿಯಮ ಹೇಳಿದರು.

"ಶನಿವಾರ ಮಾರ್ವ್ ಮತ್ತು ಅವರ ಕಡೆಯವರು ಬಂದು ಇಂಜಿನ್ ಇಳಿಸ್ತಾರೆ. ನಿಮ್ಮ ಒಪ್ಪಿಗೆ ಇದೆ ತಾನೇ?"

"ಇಂಜಿನ್ ಇಲ್ಲದೆ ಮುಳುಗಿಸೋದು ಅದಕ್ಕೆ ಅವಮಾನ ಅಲ್ವಾ ಮೇಡಂ" ಎಂದರು ಭಾವ.

"ಮೀನುಗಳಿಗೆ ಒಳ್ಳೇದು ಸಾರ್."

ಅಕ್ಕ ಅಧಿಕಾರಿಗೆ ಕಾಫಿ ಕೊಡುತ್ತ, "ಅವರಿಗೇನೂ ಅಭ್ಯಂತರ ಇಲ್ಲ, ಮೀನು ಅಂದ್ರೆ ಅವರಿಗೆ ಪ್ರಾಣ" ಎಂದಳು.

ಟ್ರುಡಿ ಅವರು ಹೋದ ಮೇಲೆ ಭಾವ ನನ್ನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದರು. ಧೈರ್ಯ ಮತ್ತೆ ಉಕ್ಕಿತ್ತು.

"ಕೇಳು. ಶನಿವಾರ ಅವರು ಬರೋ ಮುಂಚೆ ನಾವು ಹೋಗಿ ಚಾರ್ಜ್ ಮಾಡಿದ ಬ್ಯಾಟರಿ ಹಾಕೋದು, ಸ್ಟಾರ್ಟ್ ಮಾಡೋದು, ಆಚೆ ದಡಕ್ಕೆ ಹೊಡೆಯೋದು. ಕಳ್ಳರು ಹೊತ್ಕೊಂಡು ಹೋದ್ರು ಅಂತ ಅಂದ್ಕೋತಾರೆ."

"ಆ ಗಾಡಿ ಓಡಿಸೋಕೆ ಬರೋ ಕಳ್ಳ ಈ ಜಿಲ್ಲೇಲಿ ನೀವೊಬ್ರೇ ಭಾವ."

"ನಿನಗೆ ಯಾವತ್ತೂ ನೆಗೆಟಿವ್ ಯೋಚನೆ."

ಶನಿವಾರ ಬೆಳಿಗ್ಗೆ ನಾನು ಬ್ಯಾಟರಿ ಹೊತ್ತುಕೊಂಡು ಅವರ ಹಿಂದೆ ಹೋದೆ. ನಮ್ಮ ದುರದೃಷ್ಟ, ಇಡೀ ಊರು ನಮಗಿಂತ ಮುಂಚೆ ಬಂದಿತ್ತು. ದಡದಲ್ಲಿ ಬೆಂಕಿ ಹಾಕಿದ್ದರು, ಬರ್ನೀಸ್ ಕಾಫಿ ಹಂಚುತ್ತಿದ್ದಳು, ಅಕ್ಕ ಎಲ್ಲರ ಮಧ್ಯೆ ನಿಂತಿದ್ದಳು. ನಾವು ಗಡ್ಡೆಯ ಮೇಲೆ ಇಳಿದೊಡನೆ ಜನ ಹರ್ಷೋದ್ಗಾರ ಮಾಡಿದರು. ಕೊನೆಯ ಸಲ ಗಾಡಿ ಮುಟ್ಟಲು ಹೊರಟಿದ್ದಾನೆ ಪಾಪ ಎಂದು ಯಾರೋ ಮೂಗು ಸೀಟಿದರು. ಭಾವ ಬಗ್ಗಿ ಬ್ಯಾಟರಿ ಹಾಕಿದರು, ನಾನು ಎಂದಿನಂತೆ ಸೈಡ್‌ಕಾರಿನಲ್ಲಿ ಕೂತೆ. ಗುಂಡಿ ಒತ್ತಿದರು. ಗಾಡಿ ಒಂದೇ ಸಲಕ್ಕೆ ಹತ್ತಿಕೊಂಡಿತು.

ಆ ಹೊತ್ತಿಗೆ ಮಾರ್ವ್ ತನ್ನ ಹೊಸ ಪಿಕಪ್‌ನಲ್ಲಿ ಉಪಕರಣ ತುಂಬಿಕೊಂಡು ಬಂದ. ದಡದ ಹಿಮದ ಗುಡ್ಡೆ ಸುತ್ತಿ ಬರುವ ಬದಲು, ನಮ್ಮ ಬಲಗಡೆ ಹಳ್ಳ ಬಂದು ಕೆರೆಗೆ ಸೇರುವ ಕಡೆಯಿಂದ ಅಡ್ಡಹಾಯ್ದು ಬಂದ. ಅಲ್ಲಿ ಕೆಳಗೆ ನೀರು ಹರಿಯುವುದರಿಂದ ಗಡ್ಡೆ ತೆಳು. ಇದನ್ನು ಪ್ರತಿ ವರ್ಷ ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಹೇಳಿಕೊಡುವವನು ಮಾರ್ವ್.

ಬಂದೂಕು ಹೊಡೆದಂತೆ ಸದ್ದಾಯಿತು. ಪಿಕಪ್‌ನ ಮೂತಿ ಗಡ್ಡೆ ಒಡೆದು ಒಳಗೆ ಹೋಯಿತು. ನೀರು ಮುಂದಿನ ಗಾಜಿನ ತನಕ ಬಂತು. ಮಾರ್ವ್ ಕಿಟಕಿಯಿಂದ ತೂರಿ, ಸೊಂಟದ ತನಕ ನೆನೆದು, ಹೇಗೋ ಛಾವಣಿಯ ಮೇಲೆ ಹತ್ತಿ ಕೂತ. ಗಾಡಿ ಅವನ ಕೆಳಗೆ ಮೆಲ್ಲಗೆ ಜಗ್ಗುತ್ತಿತ್ತು.

ದಳದವರು ಓಡಿ ಬಂದು ನಿಂತರು. ಅವರ ಲಾರಿ ಅಲ್ಲಿಗೆ ಹೋದರೆ ಅದೂ ಒಳಗೆ. ಇಂಥ ಹೊತ್ತಿಗೆಂದೇ ಜಾರುಬಂಡಿ ಬೇಕಾಗಿತ್ತು, ಅದಕ್ಕೆಂದೇ ಚೀಟಿ ಮಾರುತ್ತಿದ್ದರು.

ಆಚೆ ದಡಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ಭಾವ ಆಚೆ ದಡ ನೋಡಿದರು, ಮಾರ್ವ್‌ನನ್ನು ನೋಡಿದರು.

"ಇಳಿ" ಎಂದರು ನನಗೆ.

"ಯಾಕೆ?"

"ನಿನ್ನ ತೂಕಕ್ಕೆ ಗಡ್ಡೆ ಒಡೆಯುತ್ತೆ. ವಾಪಸ್ ಬರುವಾಗ ಅವನು ಕೂರಬೇಕು. ಇಳಿಯೋ ಬೇಗ."

ಇಳಿದೆ. ಭಾವ ಗಾಡಿ ಎತ್ತಿದರು. ಎತ್ತಿದವರು, ಬಲಗಡೆ ಮುಳುಗುತ್ತಿದ್ದ ಸ್ನೇಹಿತನಿಗೆ ಬೆನ್ನು ಹಾಕಿ, ಎಡಕ್ಕೆ ತಿರುಗಿ, ಕೆರೆಯ ನಡುವಿಗೆ ನಾಗಾಲೋಟದಿಂದ ಹೊರಟುಬಿಟ್ಟರು.

"ಓಡ್ಹೋಗ್ತಿದಾನೆ ನೋಡ್ರೋ" ಎಂದ ಎಲ್ವುಡ್.

"ಥೂ, ಇಂಥವನಿಗೆ ನಾನು ಪೈ ಕೊಟ್ಟೆನಲ್ಲ" ಎಂದಳು ಬರ್ನೀಸ್.

ಪಾದ್ರಿಗಳು ತಲೆ ತಗ್ಗಿಸಿದರು. ಛಾವಣಿಯ ಮೇಲಿಂದ ಮಾರ್ವ್ ಭಾವನ ವಂಶವನ್ನೆಲ್ಲ ನೆನೆದು ಬೈಯುತ್ತಿದ್ದದ್ದು ದಡಕ್ಕೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ಗಡ್ಡೆಯ ಮೇಲೆ ನಿಂತು, "ಅವರಿಗೆ ಬಲಕ್ಕೆ ತಿರುಗೋಕೆ ಬರಲ್ಲ, ಸ್ವಲ್ಪ ತಾಳಿ" ಎಂದು ಕೂಗಿದೆ. ಯಾರೂ ನಂಬಲಿಲ್ಲ. ಅಕ್ಕ ಒಬ್ಬಳೇ ಕೈ ಕಟ್ಟಿಕೊಂಡು, ತುಟಿ ಕಚ್ಚಿಕೊಂಡು ಆ ಕಡೆಯೇ ನೋಡುತ್ತಿದ್ದಳು.

ಭಾವ ಮತ್ತೆ ಎಡಕ್ಕೆ ತಿರುಗಿದರು. ಮತ್ತೆ ಎಡಕ್ಕೆ. ಕೆರೆಯ ಮೇಲೆ ಭಾರಿ ಸುತ್ತೊಂದು ಹಾಕಿ, ಮೊಳೆಯ ಟೈರಿನಿಂದ ಗಡ್ಡೆಯ ಪುಡಿ ಹಾರಿಸುತ್ತ, ಪಿಕಪ್‌ನ ಹಿಂಭಾಗಕ್ಕೆ ನೇರವಾಗಿ ಬಂದು ನಿಂತರು. ಅಷ್ಟರಲ್ಲಿ ಮಾರ್ವ್‌ನ ಬೈಗುಳ ಅವರ ಮುತ್ತಜ್ಜನ ತನಕ ತಲುಪಿತ್ತು. ಭಾವ ಏನೋ ಹೇಳಿದರು. ಮಾರ್ವ್ ಛಾವಣಿಯಿಂದ ಹಿಂದಕ್ಕೆ ತೆವಳಿ, ಸಾಮಾನಿನ ತೊಟ್ಟಿ ದಾಟಿ, ಸೈಡ್‌ಕಾರಿನೊಳಗೆ ತಲೆಕೆಳಗಾಗಿ ಬಿದ್ದ. ಅವನ ಬೂಟುಗಳು ಮೇಲೆ ಕಾಣುತ್ತಿದ್ದಂತೆಯೇ ಗಾಡಿ ಹೊರಟಿತು. ಮಾರ್ವ್ ನನಗಿಂತ ದಪ್ಪ. ಆ ಚಳಿಗಾಲದಲ್ಲೇ ಭಾವ ಅಷ್ಟು ಅಂದವಾಗಿ ಬಲಕ್ಕೆ ತಿರುಗಿದ್ದನ್ನು ನಾನು ಕಂಡಿರಲಿಲ್ಲ.

ದಡದಲ್ಲಿ ಎದ್ದ ಗದ್ದಲವನ್ನು ನಾನು ಹೇಳಲಾರೆ. ಎಲ್ವುಡ್, ಎಡಕ್ಕೆ ಹೋದಾಗಲೇ ತನಗೆ ಗೊತ್ತಿತ್ತು ಎಂದ. ಮಾರ್ವ್‌ಗೆ ಕಂಬಳಿ ಹೊದಿಸಿ ಬೆಂಕಿಯ ಪಕ್ಕ ಕೂರಿಸಿದರು. ಟ್ರುಡಿ ಅವರು ಅವನ ಹತ್ತಿರ ಬಂದು, ಆ ಪಿಕಪ್‌ನಲ್ಲಿ ಇಂಜಿನ್, ಎಣ್ಣೆ, ಪೆಟ್ರೋಲು, ಬ್ಯಾಟರಿ ಎಲ್ಲವೂ ಇದೆಯೇ ಎಂದು ವಿನಯದಿಂದ ವಿಚಾರಿಸಿದರು. ಸಂಜೆಯೊಳಗೆ ಎಳೆಸುತ್ತೇನೆಂದು ಮಾರ್ವ್ ಹಲ್ಲು ಕಟಕಟಿಸುತ್ತ ಹೇಳಿ, ಭಾವನ ಕಡೆ ತಿರುಗಿದ.

"ರೇನೊ, ಈ ಗಾಡಿ ಮುಳುಗಿಸಿದ್ರೆ ನಾನು ಮನುಷ್ಯನೇ ಅಲ್ಲ. ಚೀಟಿಗೆ ಬೇರೆ ಏನಾದ್ರೂ ನೋಡ್ಕೋತೀನಿ. ನೀನು ವಾಪಸ್ ತಗೊಂಡು ಹೋಗು."

ಹೂಂ ಎಂದುಬಿಟ್ಟಿದ್ದರೆ ಸಾಕಿತ್ತು. ಮಾನವೂ ಉಳಿಯುತ್ತಿತ್ತು, ಗಾಡಿಯೂ ಉಳಿಯುತ್ತಿತ್ತು. ನಾನು ಆಗಲೇ ಸೈಡ್‌ಕಾರಿನ ಹತ್ತಿರ ಹೋಗಿದ್ದೆ. ಭಾವ ಬೆಂಕಿಯ ಮುಂದೆ ನಡುಗುತ್ತಿದ್ದ ಮಾರ್ವ್‌ನನ್ನೇ ನೋಡುತ್ತ ನಿಂತರು. ಆಮೇಲೆ ಬೀಗದ ಕೈ ತೆಗೆದು ಅವನ ಕೈಗೆ ಹಾಕಿದರು.

"ಜಾರುಬಂಡಿ ಬರೋ ತನಕ ಯಾರಾದ್ರೂ ಬೀಳದೆ ಇರ್ತಾರಾ? ಇಟ್ಕೋ. ಮುಳುಗಿಸೋಕಲ್ಲ, ಎತ್ತೋಕೆ. ನಿಮ್ಮ ಹುಡುಗರಿಗೆ ಓಡಿಸೋದು ನಾನು ಕಲಿಸ್ತೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾರ್ವ್ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡ. ನಾನು ಸೈಡ್‌ಕಾರಿನ ಮೇಲಿಟ್ಟಿದ್ದ ಕೈ ತೆಗೆದೆ.

ಮನೆಗೆ ಹೋಗುವ ದಾರಿಗೆ ಬಂದಾಗ ಭಾವ ನಿಂತರು. ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು.

"ಡಾರ್ಲೀನ್, ಅವತ್ತು ನಾನು ಆ ಗಾಡಿ ಕೊಟ್ಟಿರ್ಲಿಲ್ಲ. ಬ್ಯಾಟರಿ ಹೋಗಿತ್ತು, ಅದಕ್ಕೆ ಬಿಟ್ಟು ಬಂದಿದ್ದೆ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ನೀವು ಕೊಟ್ರಿ ಅಂತ ಮಾರ್ವ್ ಹೇಳಿದಾಗಲೇ. ತುಕ್ಕು ಹಿಡಿದ ಮೊಳೆ ಕೂಡ ಬಿಸಾಕದ ಮನುಷ್ಯ ನೀವು. ಬಾಯಿ ಬಿಡದೆ ಎಷ್ಟು ದಿನ ಇರ್ತೀರ ನೋಡೋಣ ಅಂತ ದಿನಾ ಪಾಸ್ಟಿ ಮಾಡಿ ಹಾಕಿದೆ. ಇವತ್ತು ಮಾರ್ವ್ ಸ್ಪ್ಯಾನರ್ ಮುಟ್ಟಿದ ತಕ್ಷಣ ಅಳ್ತೀರ ಅಂತ ಕರವಸ್ತ್ರಾನೂ ತಂದಿದ್ದೆ." ಅಕ್ಕ ನಕ್ಕಳು. ನಕ್ಕವಳು ತಟ್ಟನೆ ನಿಲ್ಲಿಸಿದಳು. "ಮತ್ತೆ ಈಗ ಬೀಗದ ಕೈ ಕೊಟ್ರಲ್ಲ, ಅದು?"

"ಅದು ನಿಜ."

"ನಿಜ ಅಂದ್ರೆ?"

"ನಿಜವಾಗ್ಲೂ ಕೊಟ್ಟುಬಿಟ್ಟೆ."

"ನಮಗೆ ಇದ್ದಿದ್ದು ಅದೊಂದೇ ಗಾಡಿ ಕಣ್ರೀ" ಎಂದಳು ಅಕ್ಕ ಮೆಲ್ಲಗೆ.

"ಹೌದು."

"ಸೋಮವಾರ ಅಂಗಡಿಗೆ ಹೇಗೆ ಹೋಗೋದು?"

"ನಡ್ಕೊಂಡು."

ನಾನು ಇನ್ನು ಬೈಗುಳ ಶುರುವಾಗುತ್ತದೆಂದು ಎರಡು ಹೆಜ್ಜೆ ಹಿಂದೆ ಸರಿದೆ. ಅಕ್ಕ ಭಾವನ ತೋಳಿನೊಳಗೆ ತನ್ನ ಕೈ ತೂರಿಸಿದಳು. ಇಬ್ಬರೂ ಹಿಮದ ಮೇಲೆ ನಡೆಯತೊಡಗಿದರು.

"ಕೋಪ ಬಂದಿದೆಯಾ?" ಎಂದರು ಭಾವ.

"ಬಂದಿದೆ. ತುಂಬಾ ಬಂದಿದೆ. ಇಲ್ಲಿ ಜಾರುತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ."